ಬೆಳಕಿನ ದ್ರಾಕ್ಷಿಗೂ ಕಾಲು ತಾಗಿಸದ ಹುಲಿಗೆವ್ವ

ಬೆಳಗಿನ ಐದು ಗಂಟೆ. ತಿಕೋಟಾದ ಖಾಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಹುಲಿಗೆವ್ವ ಬಲಗೈ ಎತ್ತುತ್ತಾರೆ. ಹಿಂದಿನ ಬಿಳಿ ಪರದೆಯ ಮೇಲೆ ಮೊರದಷ್ಟು ದೊಡ್ಡ ಹೂವೊಂದು ಅರಳುತ್ತದೆ. ಅವರು ಹೂವನ್ನು ನೋಡುತ್ತಾರೆ, ಕೈಯನ್ನು ನೋಡಿಕೊಳ್ಳುತ್ತಾರೆ. ಮೂರು ತಿಂಗಳಾದರೂ ಅವರ ಗೊಂದಲ ತೀರಿಲ್ಲ.

"ನಾ ಕೈ ಎತ್ತಿದ್ದಕ್ಕ ಹೂ ಅರಳತೈತೋ, ಹೂ ಅರಳತೈತಂತ ನಾ ಕೈ ಎತ್ತತೇನೋ? ಒಂದಿನ ತಡಾ ಮಾಡಿ ಎತ್ತಿದೆ. ನನ್ನ ಹಾದಿ ನೋಡಲೇ ಇಲ್ಲರಿ, ತಾನ ಅರಳಿ ಹೋತು!"

ನಲವತ್ತಾರರ ಹುಲಿಗೆವ್ವ ಇಪ್ಪತ್ತು ವರ್ಷಗಳಿಂದ ಕೂತು ಒಣದ್ರಾಕ್ಷಿ ಆರಿಸುವವರು. ಕಡ್ಡಿ ತೆಗೆದು ತೆಗೆದು ಮೊಣಕಾಲು ಸೋತಿವೆ. ವಿಜಯಪುರದ ನೃತ್ಯಗುರು ಶೈಲಾ ಅವರಿಗೆ ಬೇಕಾಗಿದ್ದು ಹುಲಿಗೆವ್ವನ ಎತ್ತರ ಮಾತ್ರ. ಮುಖ್ಯ ನರ್ತಕಿ ಸಪ್ನಾಳದೂ ಅದೇ ಐದಡಿ ಒಂದಿಂಚು. ಬಬಲೇಶ್ವರದಿಂದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಸಪ್ನಾಗೆ ದಿನಾ ಬರಲಾಗದು. ತಾಲೀಮಿನಲ್ಲಿ ಆಕೆಯ ಬದಲು ಹುಲಿಗೆವ್ವ ಹೆಜ್ಜೆ ಹಾಕುತ್ತಾರೆ, ಅನಿಮೇಶನ್ ಮಾಡುವ ಗೌತಮ ಪ್ರೊಜೆಕ್ಟರಿನಿಂದ ಪರದೆಗೆ, ನೆಲಕ್ಕೆ ಬೀಳುವ ಚಿತ್ರಗಳನ್ನು ಆ ಹೆಜ್ಜೆಗಳಿಗೆ ಹೊಂದಿಸುತ್ತಾನೆ. ಬಿಸಿಲು ಬಂದರೆ ಚಿತ್ರ ಕಾಣುವುದಿಲ್ಲವಾದ್ದರಿಂದ ನೂರಾನಲವತ್ತು ಹೆಜ್ಜೆಗಳ ನಾಲ್ಕು ಸುತ್ತು ಅಷ್ಟರೊಳಗೇ ಮುಗಿಯಬೇಕು. ಎಂಟಕ್ಕೆ ಮತ್ತೆ ಆರಿಸುವ ಕೆಲಸ.

"ಏನ್ ಕೆಲಸಾ ಅಂತ ಓಣ್ಯಾಗ ಕೇಳತಾರ. ಕುಣಿಯಾಕ ಹೊಕ್ಕೇನಿ ಅಂದ್ರ ನಗತಾರ. ನಿಂದ್ರಾಕ ಹೊಕ್ಕೇನಿ ಅಂದ್ರೂ ನಗತಾರ. ನನಗ ಗೊತ್ತಿದ್ರ ಹೇಳಲೇನ್ರಿ?"

ಹೋದ ಭಾನುವಾರ ಎಡವಟ್ಟಾಯಿತು. ವಿಜಯಪುರದ ಪ್ರದರ್ಶನಕ್ಕೆ ಎಂಟೇ ದಿನ ಉಳಿದಿತ್ತು. ಕೊನೆಯ ದೃಶ್ಯದಲ್ಲಿ ನೆಲದ ತುಂಬ ಬೆಳಕಿನ ದ್ರಾಕ್ಷಿ ಹರಡುತ್ತದೆ. ಅಂದು ತಾಲೀಮಿಗೆ ಬಂದಿದ್ದ ಸಪ್ನಾ ಅದರ ನಟ್ಟನಡುವೆಯೇ ನಡೆದಳು. ಮುಂದಿನ ಚಿತ್ರಗಳೆಲ್ಲ ಆಕೆಯನ್ನು ಬಿಟ್ಟು ಎರಡು ಹೆಜ್ಜೆ ಆಚೆ ಮೂಡತೊಡಗಿದವು. ಹುಲಿಗೆವ್ವ ಇಷ್ಟು ದಿನ ಸೀರೆ ಎತ್ತಿ ಹಿಡಿದು ಆ ಹಣ್ಣುಗಳನ್ನು ಸುತ್ತು ಹಾಕಿ ನಡೆದಿದ್ದರು. ಪಾಪ, ಗೌತಮ ಅದೇ ನೃತ್ಯವೆಂದು ನಂಬಿ ಚಿತ್ರ ಹೊಂದಿಸಿಬಿಟ್ಟಿದ್ದ.

"ಹಣ್ಣಿನ ಮ್ಯಾಲ ಹೆಂಗ ಕಾಲಿಡೂದ್ರಿ?" ಎಂದರು ಹುಲಿಗೆವ್ವ.

"ಯವ್ವಾ, ಅದು ಬರೇ ಬೆಳಕೈತಿ" ಎಂದ ಗೌತಮ.

"ನನಗ ಗೊತ್ತೈತೋ ಯಪ್ಪಾ. ಕಾಲಿಗಿ ಗೊತ್ತಾಗವಲ್ದು."

ಇನ್ನು ತನಗೆ ಬರಬೇಡ ಎನ್ನುತ್ತಾರೆಂದು ಅವರು ಚಪ್ಪಲಿ ಹುಡುಕತೊಡಗಿದರು. ಶೈಲಾ ತಡೆದು, ಆ ಸುತ್ತು ನಡಿಗೆಯನ್ನು ಮತ್ತೆರಡು ಸಲ ಮಾಡಿಸಿ ನೋಡಿದರು. ಆಮೇಲೆ ಸಪ್ನಾಗೆ ಹೇಳಿದರು: "ಚಿತ್ರಾ ಬದಲಿ ಮಾಡೂದು ಬ್ಯಾಡ. ನೀನ ಇವರ ಹಂಗ ನಡಿ."

ಈಗ ಹುಲಿಗೆವ್ವ ಮುಂದೆ, ನೆರಿಗೆ ಹಿಡಿದ ಸಪ್ನಾ ಹಿಂದೆ. ಮಾಡಿದ್ದು ತಪ್ಪೋ ಸರಿಯೋ ಹುಲಿಗೆವ್ವನಿಗೆ ಇನ್ನೂ ಬಗೆಹರಿದಿಲ್ಲ. ಪ್ರದರ್ಶನದ ಕರಪತ್ರದಲ್ಲಿ ಅವರ ಹೆಸರಿನ ಮುಂದೆ ಏನೆಂದು ಬರೆಯಲಿ ಎಂದು ಶೈಲಾ ಕೇಳುತ್ತಾರೆ.

"ಏನರೆ ಬರೀರಿ ಅಕ್ಕಾರ, ಬರೀದಿದ್ರೂ ನಡೀತೈತಿ" ಎಂದು ನಾಚುತ್ತಾರೆ ಹುಲಿಗೆವ್ವ. ಸಪ್ನಾ ಬೆಳಕಿನ ದ್ರಾಕ್ಷಿಯನ್ನು ಸುತ್ತು ಹಾಕಿ ನಡೆಯುವುದನ್ನು ಕಣ್ಣು ಕೀಳದೆ ನೋಡುತ್ತಾರೆ. "ಆದ್ರ ಆಕಿ ಸುತ್ತಿ ಹೊಂಟಾಳಲ್ಲ, ಆ ಹೆಜ್ಜಿ ನಂದರಿ."