ಊರಿಗೆ ಹೋಗುವ ಪೆಟ್ಟಿಗೆಗಳು

ಎದುರಿಗೆ ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಬೆನ್ನ ಹಿಂದೆ ಪೆಟ್ಟಿಗೆ ಮೇಸ್ತ್ರಿ. ಮದುವೆಗೋ ನಾಮಕರಣಕ್ಕೋ ಹೋದರೆ ಅವನ ಪಕ್ಕದ ಕುರ್ಚಿ ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಒಮ್ಮೆ ಒಬ್ಬ ದರ್ಜಿ, ಮೇಸ್ತ್ರಿ ನಮ್ಮ ಕಡೆ ನೋಡಿದರೆ ಅಳತೆ ತೆಗೆದುಕೊಳ್ಳುತ್ತಿದ್ದಾನೇನೋ ಅನಿಸುತ್ತದೆ ಎಂದು ತಮಾಷೆ ಮಾಡಿದ. "ಅಳತೆ ಯಾಕಪ್ಪ, ನಿಂದು ಕಣ್ಣಂದಾಜಲ್ಲೇ ಆಗುತ್ತೆ" ಅಂದ ಮೇಸ್ತ್ರಿ. ಸುತ್ತಲಿದ್ದವರು ನಕ್ಕರು, ದರ್ಜಿ ಮಾತ್ರ ನಗಲಿಲ್ಲ.

ಅವನು ಆ ಹೊರದೇಶಕ್ಕೆ ಬಂದಿದ್ದು ಕುರ್ಚಿ ಮೇಜು ಮಾಡುವುದಕ್ಕೆ. ಆ ದೇಶದಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಕೆಲಸ ಬೇಕಾದಷ್ಟಿತ್ತು, ಮಾಡುವ ಕೈಗಳಿರಲಿಲ್ಲ. ಅಲ್ಲಿನ ಸರ್ಕಾರ ದೂರದ ಬಡ ದೇಶಗಳಿಗೆ ತನ್ನ ಅಧಿಕಾರಿಗಳನ್ನು ಕಳಿಸಿತು. ಅವರು ಸಾಲಾಗಿ ನಿಂತ ಗಂಡಸರ ಹಲ್ಲು ನೋಡಿದರು, ಎದೆ ತಟ್ಟಿ ನೋಡಿದರು, ಅಂಗೈ ತಿರುಗಿಸಿ ನೋಡಿದರು. ಎರಡು ವರ್ಷ ದುಡಿದು ವಾಪಸ್ ಹೋಗಬೇಕು ಅನ್ನುವುದು ಕರಾರು. ಕರೆದವರೂ ಹಾಗೇ ನಂಬಿದ್ದರು, ಬಂದವರೂ ಹಾಗೇ ನಂಬಿದ್ದರು. ಕಾರ್ಖಾನೆಯ ಹಿಂದಿನ ಉದ್ದನೆಯ ಶೆಡ್ಡಿನಲ್ಲಿ ಒಂದರ ಮೇಲೊಂದು ಮಂಚ, ಎಲ್ಲರಿಗೂ ಸೇರಿ ಒಂದು ಒಲೆ, ಬಿಸಿನೀರಿನ ಕೊಳವೆಯ ಮೇಲೆ ಒಣಗುವ ಕಾಲುಚೀಲಗಳು. ಸೂಟ್‌ಕೇಸಿನಲ್ಲಿ ಹಿಡಿಯದ ವಸ್ತುವನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಮೇಸ್ತ್ರಿಯ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಪಕ್ಕದ ಎರಕದ ಕಾರ್ಖಾನೆಯವನು. ನಿದ್ದೆಯಲ್ಲಿ ಮಾತಾಡುತ್ತಿದ್ದ, ಎದ್ದಾಗ ಹಾಡುತ್ತಿದ್ದ. ಒಂದು ದಿನ ಭಾರ ಎತ್ತುವ ಸರಪಳಿ ಹರಿದು, ಹೊರೆ ಅವನ ಮೇಲೆ ಬಿದ್ದು ಸತ್ತ. ದೇಹವನ್ನು ಊರಿಗೆ ಕಳಿಸುವುದು ಹೇಗೆ ಅಂತ ಶೆಡ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ವಿಮಾನದವರು ಸಾಧಾರಣ ಪೆಟ್ಟಿಗೆ ಆಗುವುದಿಲ್ಲ, ಒಳಗೆ ತಗಡು ಹೊಡೆದು ಗಾಳಿಯಾಡದ ಹಾಗೆ ಬೆಸುಗೆ ಹಾಕಿರಬೇಕು ಅಂದರು. ಮೇಸ್ತ್ರಿ ಅಳುಕುತ್ತಾ ತನ್ನ ಫೋರ್‌ಮನ್ ಬಳಿ ಹೋದ. ಫೋರ್‌ಮನ್ ಆ ದೇಶದವನೇ, ಕೆಂಪು ಕಿವಿಯ, ಗದರುವ ಮನುಷ್ಯ. ರಜೆಯ ದಿನ ಕೆಲಸದ ಕೋಣೆ ತೆರೆಸಿದ, ಒಳ್ಳೆಯ ಹಲಗೆಗಳನ್ನೇ ಆರಿಸಿ ಕೊಟ್ಟ, ಹಲಗೆಯ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡು ನಿಂತ. ಬೆಸುಗೆ ಆರುವ ತನಕ ಇಬ್ಬರೂ ಅಲ್ಲೇ ಕೂತರು.

"ನಿಮ್ಮನ್ನ ಹೇಗೆ ಕರೆಸ್ಕೊಳ್ಳೋದು ಅಂತ ಯೋಚನೆ ಮಾಡಿದ್ವಿ" ಅಂದ ಫೋರ್‌ಮನ್ ಕಡೆಗೆ. "ಹೀಗೂ ಆಗುತ್ತೆ ಅಂತ ಯೋಚನೆ ಮಾಡ್ಲೇ ಇಲ್ಲ."

ಅಲ್ಲಿಂದ ಮುಂದೆ ಅವನ ಜನರಲ್ಲಿ ಯಾರೇ ಸತ್ತರೂ ಮೇಸ್ತ್ರಿಯ ಬಾಗಿಲು ತಟ್ಟುವುದು ರೂಢಿಯಾಯಿತು. ಆ ಪಟ್ಟಣದಲ್ಲೇ ಮಣ್ಣಾಗುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎಲ್ಲರೂ ಊರಿಗೆ ಹೋಗುವವರೇ. ಕೆಲವರು ಕೂತು ಹೋದರು, ಕೆಲವರು ಮಲಗಿ ಹೋದರು, ಅಷ್ಟೇ.

ಎರಡು ವರ್ಷ ಕಳೆದವು. ಪಳಗಿದ ಕೈಗಳನ್ನು ಬಿಡಲು ಕಾರ್ಖಾನೆಗೆ ಇಷ್ಟವಿರಲಿಲ್ಲ, ಕರಾರು ಮುಂದಕ್ಕೆ ಹೋಯಿತು. ಕಾನೂನು ಸಡಿಲವಾಗಿ ಹೆಂಡತಿಯರು ಬಂದರು. ಮೇಸ್ತ್ರಿಯ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ಸಿಕ್ಕಿತು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಊರಿಗೆಲ್ಲ ಬೀರು ಮಾಡಿಕೊಟ್ಟವನು ತನ್ನ ಮನೆಗೆ ಒಂದು ಬೀರು ಮಾಡಲಿಲ್ಲ. ಹೆಂಡತಿ ಕೇಳಿದಾಗೆಲ್ಲ, "ಬರೋ ವರ್ಷ ಊರಿಗೆ ಹೋಗ್ತೀವಲ್ಲ, ಯಾಕೆ ಸುಮ್ನೆ" ಅನ್ನುತ್ತಿದ್ದ. ಅವಳು ಸೀರೆಗಳನ್ನು ಸೂಟ್‌ಕೇಸಿನಲ್ಲೇ ಇಟ್ಟುಕೊಂಡಳು. ಮಗಳು ಹುಟ್ಟಿದಳು, ಅವಳ ಬಟ್ಟೆಗೆ ಇನ್ನೊಂದು ಸೂಟ್‌ಕೇಸು ಬಂತು. ಅದರ ಮೇಲೆ ದೀಪ ಇಟ್ಟುಕೊಂಡು ಮಗಳು ಆ ದೇಶದ ಅಕ್ಷರ ಬರೆಯಲು ಕಲಿತಳು.

ಕೆಳಗಿನ ಮಹಡಿಯಲ್ಲಿ ಅವರ ಕಡೆಯವಳೇ ಒಬ್ಬಳಿದ್ದಳು, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವವಳು. ಅವಳ ಹಸುಗೂಸು ಒಂದು ಚಳಿಗಾಲ ಜ್ವರ ಬಂದು ತೀರಿಹೋಯಿತು. ಮೇಸ್ತ್ರಿ ಎಂದಿನಂತೆ ತಗಡು ಕತ್ತರಿಸಲು ಕೂತ. ಇಷ್ಟು ಸಣ್ಣ ಪೆಟ್ಟಿಗೆಯನ್ನು ಅವನು ಯಾವತ್ತೂ ಮಾಡಿರಲಿಲ್ಲ. ಆ ತಾಯಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣ, ಅಷ್ಟು ದೂರ ಒಬ್ಬನೇ ಹೇಗೆ ಹೋಗ್ತಾನೆ?" ಅಂದಳು. "ಎತ್ಕೊಂಡ್ರೆ ಮಾತ್ರ ನಿದ್ದೆ ಮಾಡ್ತಿದ್ದ."

ಮೇಸ್ತ್ರಿ ತಗಡಿನ ಕತ್ತರಿ ಕೆಳಗಿಟ್ಟ. ಅವನ ಹೆಂಡತಿ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು, ಆ ತಾಯಿಯ ಕೈ ಹಿಡಿದು ಪುರಸಭೆಗೆ ಹೊರಟಳು. ಪಟ್ಟಣದ ಸ್ಮಶಾನದಲ್ಲಿ ಹೊರಗಿನವರಿಗೆ ಜಾಗವಿಲ್ಲ ಅಂದರು ಅಲ್ಲಿ. ಇವಳಿಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು ಬಟ್ಟೆ, ನೀರು, ಸೋಪಿನ ಮಾತು ಅಷ್ಟೇ. "ಮಗು ಇಲ್ಲೇ ಹುಟ್ಟಿದ್ದು" ಅನ್ನುವ ಒಂದೇ ವಾಕ್ಯವನ್ನು ಜೋಡಿಸಿಕೊಂಡು ಅದನ್ನೇ ಹೇಳಿದಳು. ಕಚೇರಿ ಮುಚ್ಚುವ ತನಕ ಬೆಂಚಿನ ಮೇಲೆ ಕೂತಿದ್ದು, ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಅಲ್ಲೇ ಕೂತರು. ಕಡೆಗೆ ಗುಮಾಸ್ತೆಯೊಬ್ಬಳು ತಾಳಲಾರದೆ ಮೇಲಿನವರ ಬಳಿ ಹೋಗಿ ಜಗಳವಾಡಿದಳು. ಸ್ಮಶಾನದ ಹಿಂದಿನ ಗೋಡೆಯ ಪಕ್ಕ, ಒಡೆದ ಕಲ್ಲು ರಾಶಿ ಹಾಕುತ್ತಿದ್ದ ಮೂಲೆಯನ್ನು ಕೊಟ್ಟರು. ಮೇಸ್ತ್ರಿ ತಗಡಿಲ್ಲದ ಪೆಟ್ಟಿಗೆ ಮಾಡಿದ. ಅವನ ಜನರಲ್ಲಿ ಆ ಮಣ್ಣಿಗೆ ಮೊದಲು ಹೋದದ್ದು ಆ ಕೂಸು.

ಆಮೇಲೆ ಒಬ್ಬರಾದ ಮೇಲೊಬ್ಬರು ಆ ಮೂಲೆಗೆ ಬಂದರು. ಮಕ್ಕಳು ಇಲ್ಲಿ ಬೇರುಬಿಟ್ಟವರು, ಊರಲ್ಲಿ ಯಾರೂ ಉಳಿಯದವರು. ಕಲ್ಲುರಾಶಿ ಹೋಗಿ ಕಾಲುದಾರಿ ಬಂತು, ನಲ್ಲಿ ಬಂತು, ಗೇಟಿನ ಫಲಕದಲ್ಲಿ ಎರಡನೆಯದಾಗಿ ಅವರ ಲಿಪಿಯೂ ಬಂತು. ಹೊಲಿಯುವವಳು ಕೆಲಸ ಹುಡುಕಿಕೊಂಡು ಬೇರೆ ನಗರಕ್ಕೆ ಹೋಗುವಾಗ ಮೇಸ್ತ್ರಿಯ ಹೆಂಡತಿಯ ಕೈ ಹಿಡಿದು, ಅಕ್ಕ, ಅವನ ಕಡೆ ಒಂದು ಕಣ್ಣಿಟ್ಟಿರು ಅಂದಳು. ಅಂದಿನಿಂದ ವಾರದ ರಜೆಗೆ ಮೇಸ್ತ್ರಿಯ ಹೆಂಡತಿ ಅಲ್ಲಿಗೆ ಹೋಗಿ ಹುಲ್ಲು ಕಿತ್ತು ಕಲ್ಲು ಒರೆಸಿ ಬರುತ್ತಿದ್ದಳು. ಯಾರದೋ ಮಗು, ಯಾವುದೋ ಮಣ್ಣು, ನಿನಗ್ಯಾಕೆ ಈ ಉಸಾಬರಿ ಎಂದು ಮೇಸ್ತ್ರಿ ಗೊಣಗುತ್ತಿದ್ದ.

ನಂತರ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿದವು. ಅಗ್ಗದ ಕೂಲಿ ಸಿಗುವ ಕಡೆ ಯಂತ್ರಗಳು ಹೋದವು. ಮನುಷ್ಯರು ಉಳಿದರು. ಆ ದೇಶದವರೂ ಬೀದಿಗೆ ಬಿದ್ದರು, ಹೊರಗಿನಿಂದ ಬಂದವರೂ ಬಿದ್ದರು. ಆದರೆ ಬೈಗುಳ ಬಿದ್ದದ್ದು ಹೊರಗಿನವರ ಮೇಲೆ. ಮನೆಯ ಕೆಳಗಿನ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ, ಯಾವಾಗ ಹೋಗ್ತೀರಿ ಎಂದು ಯಾರೋ ಬರೆದರು. ಒಂದು ಮಧ್ಯಾಹ್ನ ಹೊರಗಿನವರನ್ನು ವಾಪಸ್ ಕಳಿಸಿ ಅನ್ನುವವರ ಮೆರವಣಿಗೆ ಬೀದಿಯಲ್ಲಿ ಸಾಗುವಾಗ ಮೇಸ್ತ್ರಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದ. ಸಾಲಿನಲ್ಲಿ ಫೋರ್‌ಮನ್ ಕಂಡ. ಮೇಸ್ತ್ರಿಯನ್ನು ನೋಡಿ ತಲೆ ತಗ್ಗಿಸಿದ, ಆದರೆ ಸಾಲು ಬಿಟ್ಟು ಹೊರಗೆ ಬರಲಿಲ್ಲ.

ಆ ದಿನ ಮೇಸ್ತ್ರಿಯ ಎದೆಯಲ್ಲಿ ಏನೋ ಕಲ್ಲಾಯಿತು. ಇವರಿಗೆ ನನ್ನ ಬೆವರು ಕೊಟ್ಟಿದ್ದು ಸಾಕು, ಮೂಳೆ ಕೊಡುವುದಿಲ್ಲ ಎಂದು ಮನೆಯಲ್ಲಿ ಹೇಳಿದ. ಹೆಂಡತಿ ಆ ವಾರವೂ ಹುಲ್ಲು ಕೀಳಲು ಹೋದಳು.

ಮಗಳು ಓದು ಮುಗಿಸಿ ಪಟ್ಟಣದ ಬಸ್ಸು ಓಡಿಸುವ ಕೆಲಸಕ್ಕೆ ಸೇರಿದಳು. ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. ಆ ಹೊತ್ತಿಗೆ ಮೇಸ್ತ್ರಿಯ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ತಾನು ಇಸ್ತ್ರಿ ಹಾಕುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿದಳು. ಹಾಸಿಗೆಯ ಅಂಚನ್ನು ಬೆರಳಲ್ಲಿ ಸವರಿ, ಈಗಿನ ಹುಡುಗಿಯರು ಮಡಿಕೆ ಹಾಕುವುದನ್ನೇ ಕಲಿತಿಲ್ಲ ಎಂದು ದೂರುತ್ತಿದ್ದಳು. ಒಂದು ಸಂಜೆ ಮೇಸ್ತ್ರಿ ಅವಳ ಕಾಲೊತ್ತುತ್ತಾ ಕೂತಿದ್ದ.

"ರೀ, ನನ್ನನ್ನ ಕಳಿಸ್ಬೇಡಿ" ಅಂದಳು.

ಯಾವುದರ ಮಾತು ಅಂತ ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾಗದವನ ಹಾಗೆ, "ಮೊದ್ಲು ಹುಷಾರಾಗು" ಅಂದ.

"ಇಲ್ಲೇ ಆ ಮೂಲೇಲಿ ಇಡಿ. ಮಗಳ ಬಸ್ಸು ಆ ಗೋಡೆ ಪಕ್ಕಾನೇ ಹೋಗುತ್ತೆ. ಕೂಸೂ ಅಲ್ಲೇ ಇದೆ."

"ಊರಲ್ಲಿ ನಿಮ್ಮಪ್ಪ ಅಮ್ಮ ಇದ್ದಾರೆ. ನಮ್ಮ ಮಣ್ಣು ಅದು."

"ಅವರು ಇಷ್ಟು ವರ್ಷ ನಾನಿಲ್ದೇ ಮಲಗಿದ್ದಾರೆ. ಅಲ್ಲಿ ನನ್ನ ಹತ್ರ ಯಾರು ಬರ್ತಾರೆ ಹೇಳಿ?"

ಅವನು ಇನ್ನೊಂದು ಕಾಲನ್ನು ಒತ್ತತೊಡಗಿದ. ಅವಳು ಮತ್ತೆ ಕೇಳಲಿಲ್ಲ. ಕೆಲವು ವಾರಗಳಲ್ಲಿ ಹೋಗಿಬಿಟ್ಟಳು.

ಊರಿನಿಂದ ತಮ್ಮ ಫೋನು ಮಾಡಿ, ಅತ್ತಿಗೆಗೆ ಜಾಗ ಸಿದ್ಧವಾಗಿದೆ, ಕರೆದುಕೊಂಡು ಬಾ ಅಂದ. ಮೇಸ್ತ್ರಿ ತಗಡು ಹಾಸಿದ. ಅಷ್ಟು ನಯವಾದ ಪೆಟ್ಟಿಗೆಯನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಮೂಲೆಗಳಲ್ಲಿ ಕೂದಲು ತೂರದ ಹಾಗೆ ಕೂಡಿಸಿದ. ಬೆಸುಗೆ ಹಾಕುವಾಗ ಮಗಳು ಎದುರಿಗೇ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅವನು ತಲೆ ಎತ್ತಲಿಲ್ಲ.

ಪೆಟ್ಟಿಗೆಯ ಜೊತೆ ತಾನೂ ಊರಿಗೆ ಹೋದ. ಬೀದಿ ಅಗಲವಾಗಿತ್ತು, ಮುಖಗಳೆಲ್ಲ ಹೊಸವು. ಹೆಂಡತಿಯ ಓರಗೆಯವರು ಯಾರೂ ಉಳಿದಿರಲಿಲ್ಲ. ಬಂದಿದ್ದ ಹೆಂಗಸರು, ಇವರು ಯಾರ ಪೈಕಿ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರು. ಒಬ್ಬಳು ಮರ್ಯಾದೆಗೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ಹುಡುಗಿ ಆಕಳಿಸಿತು. ಮಣ್ಣು ಹಾಕುವಾಗ ಜೋರಾಗಿ ಅತ್ತವನು ಮೇಸ್ತ್ರಿ ಒಬ್ಬನೇ. ಗಂಡಸು ಹೀಗೆ ಅಳುವುದನ್ನು ನೋಡಿ ಜನ ಮುಜುಗರಪಟ್ಟರು.

ಇನ್ನು ಅಲ್ಲೇ ಇದ್ದುಬಿಡೋಣ ಅಂತ ಅವನ ಮನಸ್ಸಿನಲ್ಲಿತ್ತು. ತಮ್ಮನ ಮೊಮ್ಮಕ್ಕಳು ಅವನನ್ನು ಹೊರದೇಶದ ತಾತ ಅನ್ನುತ್ತಿದ್ದವು, ಅವನ ಮಾತಿನ ಹಳೇ ಪದಗಳನ್ನು ಅಣಕಿಸಿ ನಗುತ್ತಿದ್ದವು. ತಮ್ಮ ಕೆಟ್ಟವನಲ್ಲ. ಆದರೂ ಊಟಕ್ಕೆ ಕೂತಾಗೆಲ್ಲ, "ಯಾವಾಗ ಹೋಗ್ತೀಯಣ್ಣ?" ಅಂತ ಕೇಳುತ್ತಿದ್ದ. ಅಲ್ಲಿ ಗೋಡೆ ಮೇಲೆ ಬರೆದಿದ್ದ ಮಾತನ್ನೇ ಇಲ್ಲಿ ಅನ್ನ ಬಡಿಸುತ್ತಾ ಕೇಳುತ್ತಿದ್ದಾನಲ್ಲ ಅನಿಸಿತು ಮೇಸ್ತ್ರಿಗೆ. ಹೊರಡುವ ಮುನ್ನ ಹೆಂಡತಿಯ ಮಣ್ಣಿನ ಬಳಿ ಹೋಗಿ ನಿಂತ. ಸುತ್ತ ಎಲ್ಲ ಗುರುತಿಲ್ಲದವರು. ಆಗ ಅವನಿಗೆ, ಅವಳನ್ನು ಊರಿಗೆ ಕರೆತರಲಿಲ್ಲ, ಪರದೇಶಕ್ಕೆ ತಂದು ಬಿಟ್ಟೆ ಅನ್ನುವುದು ಹೊಳೆಯಿತು.

ವಾಪಸ್ ಬಂದ ಮೇಲೆ ತಗಡಿನ ಪೆಟ್ಟಿಗೆ ಮಾಡುವುದನ್ನು ಬಿಟ್ಟ. ಯಾರಾದರೂ ಬಂದು ಕೇಳಿದರೆ, ಸತ್ತವರು ತಮ್ಮನ್ನು ಎಲ್ಲಿಡಿ ಅಂದಿದ್ದರು ಅಂತ ಮೊದಲು ವಿಚಾರಿಸುತ್ತಿದ್ದ. ಅದೆಲ್ಲ ನಿನಗ್ಯಾಕೆ ಎಂದು ಮುಖ ಊದಿಸಿಕೊಂಡು ಹೋದವರೂ ಉಂಟು. ಮಗಳು ಹಬ್ಬ ಹುಣ್ಣಿಮೆ ಅಂತ ನೆಪಕ್ಕೆ ಬರುತ್ತಿದ್ದಳು, ಬಂದರೂ ನಿಂತೇ ಮಾತಾಡುತ್ತಿದ್ದಳು.

ಅವನು ವಾರಕ್ಕೊಮ್ಮೆ ಸ್ಮಶಾನಕ್ಕೆ ಹೋಗತೊಡಗಿದ. ಕೂಸಿನ ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಮಂಡಿಯೂರಿ ಕೈಯಿಂದಲೇ ಕಿತ್ತ. ವಾಪಸ್ ಬರಲು ಹತ್ತಿದ ಬಸ್ಸು ಒಂದು ದಿನ ಮಗಳದ್ದೇ ಆಗಿತ್ತು. ಅವಳು ಅವನ ಉಗುರಿನ ಮಣ್ಣು ನೋಡಿದಳು. ಕೊನೆಯ ನಿಲ್ದಾಣದಲ್ಲಿ ಎಲ್ಲ ಇಳಿದ ಮೇಲೂ ಅವನು ಕೂತೇ ಇದ್ದ.

"ನಿಮ್ಮಮ್ಮ ಇಲ್ಲೇ ಇಡಿ ಅಂದಿದ್ಲು" ಅಂದ. "ನಾನು ಕೇಳ್ಲಿಲ್ಲ. ನಿನಗೂ ಹೇಳ್ಲಿಲ್ಲ."

ಮಗಳು ಎಂಜಿನ್ ನಿಲ್ಲಿಸಿದಳು. "ಗೊತ್ತಿತ್ತು ಅಪ್ಪ. ನನಗೂ ಹೇಳಿದ್ಲು. ನೀನು ಬೆಸುಗೆ ಹಾಕ್ತಿದ್ದಾಗ ತಡೀಬೇಕು ಅನ್ಕೊಂಡೆ. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

ಅಷ್ಟು ದಿನ ಅವಳು ದೂರ ಇದ್ದದ್ದು ತನ್ನ ಮೇಲಿನ ಸಿಟ್ಟಿಗೆ ಅಂತ ಅವನು ತಿಳಿದಿದ್ದ. ಅವಳ ಸಿಟ್ಟು ಅವಳ ಮೇಲೇ ಇತ್ತು. ಇಬ್ಬರೂ ಖಾಲಿ ಬಸ್ಸಿನಲ್ಲಿ, ಅವಳು ಡ್ರೈವರ್ ಸೀಟಿನಲ್ಲಿ, ಅವನು ಹಿಂದಿನ ಸೀಟಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಕೆಳಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಬಾಗಿಲು ತಟ್ಟುವ ತನಕ.

ಮರದ ಪುಡಿ ಅವನ ಎದೆಯಲ್ಲಿ ಕೂತಿತ್ತು. ಉಸಿರಾಡುವುದೇ ಕಷ್ಟವಾದಾಗ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಕಡೆಯ ದಿನಗಳಲ್ಲಿ ಅವನೇ ಮಾತು ತೆಗೆದ. ನಿಮ್ಮಮ್ಮನನ್ನು ಒಬ್ಬಳನ್ನೇ ಊರಲ್ಲಿ ಬಿಟ್ಟು ಬಂದಿದ್ದೇನೆ, ನಾನು ಹೋಗಬೇಕಾದದ್ದು ನ್ಯಾಯ ಅಂದ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಆದರೆ ನಿನಗೆ ಇಲ್ಲಿ ಹೋಗಿ ನಿಲ್ಲಲು ಒಂದು ಕಲ್ಲೂ ಇಲ್ಲದ ಹಾಗಾಗುತ್ತದೆ ಎಂದೂ ಅಂದ.

"ಈ ಸಲ ನಾನು ಹೇಳಲ್ಲಮ್ಮ. ನೀನು ಹೇಳಿದ ಹಾಗೆ."

ಮಗಳು ಅವನ ಹಣೆಯ ಬೆವರು ಒರೆಸಿದಳು. "ಇಲ್ಲೇ ಇರು" ಅಂದಳು.

ಅವನು ತಲೆಯಾಡಿಸಿದ. ಹೆಂಡತಿಯ ಹೆಸರನ್ನು ಒಂದು ಸಲ ಮೆಲ್ಲಗೆ ಅಂದುಕೊಂಡು ಗೋಡೆ ಕಡೆ ಹೊರಳಿದ. ಎರಡು ದಿನದ ಮೇಲೆ ಹೋದ. ಅವನ ಪೆಟ್ಟಿಗೆಯನ್ನು ಪಟ್ಟಣದ ಅಂಗಡಿಯಿಂದ ತಂದರು, ಯಂತ್ರದಲ್ಲಿ ಮಾಡಿದ್ದು.

ಮಣ್ಣು ಮಾಡಿ ಬಂದ ಸಂಜೆ ಊರಿನ ಚಿಕ್ಕಪ್ಪ ಫೋನು ಮಾಡಿದ. ಅತ್ತಿಗೆಯ ಪಕ್ಕದ ಜಾಗ ಹಾಗೇ ಉಳಿಸಿದ್ದೆನಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕೂಗಾಡಿದ. ಮಗಳಿಗೆ ತಾಯಿಯ ಭಾಷೆಯಲ್ಲಿ ವಾದ ಮಾಡುವಷ್ಟು ಮಾತು ಬರುತ್ತಿರಲಿಲ್ಲ. ಅಪ್ಪ ನನ್ನ ಹತ್ತಿರ ಇರಲಿ ಅಂತ ಮಾತ್ರ ಹೇಳಿದಳು.

"ಹಾಗಾದ್ರೆ ಇಲ್ಲಿ ನಿಮ್ಮಮ್ಮನ್ನ ಯಾರು ನೋಡ್ಕೋತಾರೆ?"

ಅವಳು ತನ್ನ ಉಗುರಿನ ಮಣ್ಣು ನೋಡಿಕೊಂಡಳು.

"ನೀವು ನೋಡ್ಕೊಳ್ಳಿ ಚಿಕ್ಕಪ್ಪ" ಅಂದಳು. "ಹುಲ್ಲು ಬೆಳೆಯೋಕೆ ಬಿಡ್ಬೇಡಿ."

ಆ ಕಡೆಯಿಂದ ಕೂಗಾಟ ನಿಂತುಹೋಯಿತು. ಮುದುಕ ಮೂಗು ಸೀಟಿದ ಸದ್ದು ಕೇಳಿಸಿತು. ಸರಿ ಕಣಮ್ಮ, ಅಂದು ಫೋನಿಟ್ಟ.