ಎರಡೂ ಗುಂಪಿನ ತಾಯಂದಿರು

ತಂಗಿಗೆ ಮತ್ತೆ ಫಿಟ್ಸ್ ಬಂದ ವಾರ ಅಮ್ಮ ಕುಂಬಳೆಯಿಂದ ಬಸ್ಸು ಹಿಡಿದು ದೇವಸ್ಥಾನಕ್ಕೆ ಹೋಗಿ, ಅರ್ಚಕರಿಂದ ಹೊಸ ನೂಲು ಮಂತ್ರಿಸಿಕೊಂಡು ಬಂದರು. ಹಳೆಯ ನೂಲು ಕೈಯಲ್ಲಿದ್ದಾಗಲೇ ಅವಳು ಅಡುಗೆಮನೆಯಲ್ಲಿ ಬಿದ್ದಿದ್ದಳು.

"ಅದಿಲ್ಲದಿದ್ದರೆ ಇನ್ನೂ ಜೋರಾಗುತ್ತಿತ್ತು" ಎಂದರು ಅಮ್ಮ. ಮಂಗಳೂರಿನ ಡಾಕ್ಟರು ಮಾತ್ರೆಯ ಬಗ್ಗೆ ಇದೇ ಮಾತು ಹೇಳಿ ಡೋಸ್ ಹೆಚ್ಚಿಸಿದ್ದರು.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಎರಡೂ ಒಂದೇ ಅಲ್ಲವೆಂದು ವಿವರಿಸಿದೆ. ಮಾತ್ರೆಯನ್ನು ಮೊದಲು ಎಷ್ಟೋ ರೋಗಿಗಳಲ್ಲಿ ಪರೀಕ್ಷಿಸಿರುತ್ತಾರೆ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಅದೇ ಬಣ್ಣದ ಬರೀ ಹಿಟ್ಟಿನ ಗುಳಿಗೆ ಕೊಟ್ಟು, ಯಾವ ಗುಂಪಿನಲ್ಲಿ ಹೆಚ್ಚು ಜನ ಗುಣವಾದರೆಂದು ಎಣಿಸುತ್ತಾರೆ.

"ಗುಣವಾದವರ ಮನೆಯಲ್ಲಿ ಯಾರೂ ದೇವರಿಗೆ ಹೇಳಿಕೊಂಡಿರಲಿಲ್ಲ ಅಂತ ನಿನಗೆ ಹೇಗೆ ಗೊತ್ತು?" ಅಮ್ಮ ಕೇಳಿದರು.

"ನಿಮ್ಮಲ್ಲಿ ಯಾರು ಗೆದ್ದರೂ ಮಾತ್ರೆ ನುಂಗುವುದು ನಾನೇ ಮಾರಾಯ್ತಿ" ಎಂದು ತಂಗಿ ನನ್ನತ್ತ ನೋಡಿ, ನೂಲು ಕಟ್ಟಿಸಿಕೊಳ್ಳಲು ಅಮ್ಮನಿಗೆ ಕೈ ಚಾಚಿದಳು.

ಆ ಪ್ರಶ್ನೆಗೆ ಉತ್ತರ ಉಂಟು. ಹೇಳಿಕೊಂಡೇ ಇರುತ್ತಾರೆ, ಎರಡೂ ಗುಂಪಿನ ತಾಯಂದಿರು. ಪ್ರಾರ್ಥನೆ ಎರಡು ಕಡೆಯೂ ಹೆಚ್ಚುಕಡಿಮೆ ಸಮನಾಗಿರುವುದರಿಂದಲೇ ಉಳಿದ ವ್ಯತ್ಯಾಸ ಮಾತ್ರೆಯದ್ದೆಂದು ಹೇಳಲು ಬರುತ್ತದೆ. ಹಿಟ್ಟಿನ ಗುಳಿಗೆ ನುಂಗಿದವರ ತಾಯಂದಿರು ಕಡಿಮೆ ಬೇಡಿರಲಾರರು. ಆದರೂ ಅವರ ಮಕ್ಕಳು ಹೆಚ್ಚು ಸಲ ಬಿದ್ದರು. ಇದರಿಂದ ದೇವರಿಲ್ಲವೆಂದು ಸಾಬೀತಾಗುವುದಿಲ್ಲ. ಅಮ್ಮನಿಗೆ ಸಮಾಧಾನವಾಗುವಂಥದ್ದೂ ಅದರಲ್ಲಿ ಏನಿಲ್ಲ.

ಅಮ್ಮ ನನ್ನ ಮುಖ ನೋಡುತ್ತಿದ್ದರು. ಆ ವಾರವಿಡೀ ನಾವಿಬ್ಬರೂ ಸರಿಯಾಗಿ ಮಲಗಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.

ಅವರು ನೂಲಿಗೆ ಗಂಟು ಹಾಕಿದರು. ತಂಗಿಯ ಮಾತ್ರೆಗೆ ಹೊತ್ತಾಗಿತ್ತು. ನಾನು ನೀರು ತರಲು ಎದ್ದೆ.