ಹುಣಸೆ ಶೆಡ್ಡಿನಲ್ಲಿ ನಿಂತ ದನಗಳು

ನಮ್ಮ ಮನೆಯಲ್ಲಿ ಮೂವತ್ತರ ಹತ್ತಿರ ನಾಟಿ ದನಗಳಿವೆ. ಮಿಡಿಗೇಶಿಯಿಂದ ಸ್ವಲ್ಪ ಒಳಗೆ ನಮ್ಮೂರು. ಊರಿನಲ್ಲಿ ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುವವರೇ ಹೆಚ್ಚು. ಹಟ್ಟಿ ತುಂಬ ನಾಟಿ ದನ ಇಟ್ಟುಕೊಂಡು, ದಿನಾ ಬೆಟ್ಟದ ತಪ್ಪಲಿಗೆ ಹೊಡೆದುಕೊಂಡು ಹೋಗಿ ಮೇಯಿಸಿಕೊಂಡು ಬರುವ ಮನೆ ಈಗ ನಮ್ಮದೊಂದೇ. ಹೋರಿಕರುಗಳನ್ನು ಬೆಳೆಸಿ ಉಳುವವರಿಗೆ ಕೊಡುವುದು, ಗೊಬ್ಬರವನ್ನು ತೋಟದವರಿಗೆ ಹಾಕುವುದು ನಮ್ಮ ಕಸುಬು. ನಾನು ಪಾವಗಡದ ಕಡೆಯಿಂದ ಈ ಮನೆಗೆ ಮದುವೆಯಾಗಿ ಬಂದವಳು. ತವರಿನಲ್ಲಿ ನಮಗೆ ಕಡಲೆಕಾಯಿ ಹೊಲ ಗೊತ್ತು, ಕುರಿ ಗೊತ್ತು. ದನದ ಬಾಲ ಹಿಡಿದು ನಡೆಯುವುದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಅತ್ತೆಯ ಹಿಂದೆ ಓಡಾಡಿ.

ದನ ಸಾಕುವವರಿಗೆ ಮಳೆ ಹೆಚ್ಚು ಬರಬೇಕೆಂದೇನೂ ಇಲ್ಲ. ಹೊತ್ತಿಗೆ ಬಂದರೆ ಸಾಕು. ರೋಹಿಣಿಯಲ್ಲೊಂದು, ಆರಿದ್ರೆಯಲ್ಲೊಂದು ಹದವಾದ ಮಳೆ ಬಿದ್ದರೆ ಹುಲ್ಲು ಹುಟ್ಟುತ್ತದೆ, ಕುಂಟೆ ಕಟ್ಟೆಗಳಲ್ಲಿ ಕುಡಿಯುವಷ್ಟು ನೀರು ನಿಲ್ಲುತ್ತದೆ. ಈಚಿನ ವರ್ಷಗಳಲ್ಲಿ ಆ ಲೆಕ್ಕವೆಲ್ಲ ಕೆಟ್ಟಿದೆ. ಕೆರೆಯ ಆಚೆ ದಡಕ್ಕೆ ಸುರಿದು ಈಚೆ ದಡಕ್ಕೆ ಒಂದು ಹನಿಯೂ ಬೀಳದ ದಿನಗಳನ್ನು ನಾನೇ ನೋಡಿದ್ದೇನೆ. ನಮ್ಮೆಜಮಾನರು ಬೆಳಗ್ಗೆ ಎದ್ದ ತಕ್ಷಣ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತಾರೆ. ಅತ್ತೆ ಅಂಗಳಕ್ಕೆ ಬಂದು ಮೂಡಲ ಕಡೆ ನೋಡುತ್ತಾರೆ. ಇಬ್ಬರೂ ಹೇಳಿದ್ದು ಒಂದೇ ಆದ ದಿನ ಕೂಡ ಮಳೆ ತನಗೆ ತೋಚಿದ ಕಡೆಗೇ ಹೋಗುತ್ತದೆ.

ನಾನು ಹೇಳಹೊರಟಿರುವ ವರ್ಷ ರೋಹಿಣಿ ಮಳೆ ಚೆನ್ನಾಗಿಯೇ ಬಂದಿತ್ತು. ಆಮೇಲೆ ಮೋಡ ಕಟ್ಟುವುದು, ಗಾಳಿ ಬೀಸುವುದು, ಬಿಸಿಲು ಬರುವುದು, ಇಷ್ಟೇ. ಶ್ರಾವಣ ಮುಗಿಯುವ ಹೊತ್ತಿಗೆ ತಪ್ಪಲಿನಲ್ಲಿ ದನ ಬಾಯಿ ಹಾಕುವಂಥದ್ದು ಏನೂ ಉಳಿದಿರಲಿಲ್ಲ. ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೇ ನಿಂತು ಸುರುಟಿಕೊಂಡಿತ್ತು. ಬಣವೆಯ ರಾಗಿಹುಲ್ಲನ್ನು ಅತ್ತೆ ಕೂದಲೆಳೆದ ಹಾಗೆ ಎಳೆದು ಎಳೆದು ಹಾಕುತ್ತಿದ್ದರು.

ಅಂಥದ್ದರಲ್ಲಿ ಒಂದು ಬೆಳಗ್ಗೆ ಯಜಮಾನರ ಅಕ್ಕನಿಂದ ಫೋನು ಬಂತು. ಅವರನ್ನು ಕೊಟ್ಟಿರುವುದು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ಬುಡದ ಊರಿಗೆ.

“ಇಲ್ಲಿ ಎರಡು ಹದ ಮಳೆ ಆಗೈತೆ ಕಣ್ಲಾ. ಬೆಟ್ಟದ ಸುತ್ತ ಹುಲ್ಲು ಬಿದ್ದು ಹೋಗ್ತಾ ಐತೆ. ದನ ಹೊಡ್ಕೊಂಡು ಬಂದ್ಬುಡ್ರಿ” ಎಂದರು.

ಹಿಂದೆಲ್ಲ ಹೀಗೆ ಹೋಗಬೇಕಾದಾಗ ಅಣ್ಣತಮ್ಮ ಇಬ್ಬರೂ ಹೊರಡುತ್ತಿದ್ದರು. ಆ ವರ್ಷ ಮೈದುನ ಕಾಲು ಉಳುಕಿಸಿಕೊಂಡು ಮಂಚದ ಮೇಲಿದ್ದ. ಯಜಮಾನರೊಬ್ಬರಿಂದಲೇ ಅಷ್ಟು ದನ ಹೊಡೆಯಲು ಆಗುವುದಿಲ್ಲ. “ನಾನೇ ಬರ್ತೀನಿ” ಎಂದೆ. ಅವರು ಅತ್ತೆಯ ಮುಖ ನೋಡಿದರು. ಅತ್ತೆ, “ಹೋಗ್ಲಿ ಬುಡು. ದನಾನೂ ಅವಳ ಮಾತು ಕೇಳ್ತವೆ, ನಿನ್ನ ಮಾತು ಯಾವುದು ಕೇಳ್ತೈತೆ?” ಎಂದರು. ನನಗೆ ಒಳಗೊಳಗೇ ಖುಷಿಯಾಯಿತು.

ಒಂದೇ ಚಿಂತೆ ಎಂದರೆ ಮೋಟುಗೊಂಬಿನ ಹಸು. ಒಂದು ಕೊಂಬು ಮುರಿದು ಮೋಟಾಗಿದ್ದ ಆ ಹಸು ತುಂಬು ಗಬ್ಬ. ಮನೆಯಲ್ಲೇ ಬಿಟ್ಟರೆ ಮೇವಿಲ್ಲ, ಕರೆದುಕೊಂಡು ಹೋದರೆ ದಾರಿ ದೂರ. ಅತ್ತೆ ಅದರ ಕೆಚ್ಚಲು ಮುಟ್ಟಿ, ಹಿಂದೆ ನಿಂತು ನೋಡಿ, “ಕರು ಹಾಕೋಕೆ ಇನ್ನೂ ಟೈಮೈತೆ. ನಿಧಾನಕ್ಕೆ ನಡೆಸ್ಕೊಂಡೋಗಿ” ಎಂದರು.

ರೊಟ್ಟಿ, ಹುಚ್ಚೆಳ್ಳು ಚಟ್ನಿ, ಎರಡು ಕಂಬಳಿ, ಒಂದು ಟಾರ್ಪಾಲು ಕಟ್ಟಿಕೊಂಡು ಹೊರಟೆವು. ಮಧುಗಿರಿ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆದಾಗ ದನವೆಲ್ಲ ಒಂದೇ ಕಡೆಗೆ ಸರಿದು, ಬಸ್ಸು ಹೋದ ಮೇಲೆ ಮತ್ತೆ ರಸ್ತೆ ತುಂಬ ಹರಡಿಕೊಳ್ಳುತ್ತಿದ್ದವು. ಬಿಸಿಲು ನೆತ್ತಿ ಸುಡುತ್ತಿತ್ತು. ಸಿಕ್ಕ ಹೊಂಗೆಮರದ ನೆರಳಿನಲ್ಲೆಲ್ಲ ಮೋಟುಗೊಂಬಿನ ಹಸು ನಿಂತುಬಿಡುತ್ತಿತ್ತು. ನಾನೂ ಅದರ ಜೊತೆ ನಿಲ್ಲುತ್ತಿದ್ದೆ. ಮೊದಲ ರಾತ್ರಿ ಪರಿಚಯದವರ ಕಣದಲ್ಲಿ ಉಳಿದೆವು. ಎರಡನೆಯ ದಿನ ಮಧುಗಿರಿಯ ಬೆಟ್ಟ ಕಣ್ಣೆದುರಿಗೇ ನಿಂತ ಮೇಲೆ, ಇನ್ನೇನು ಊರು ಬಂತು ಎನ್ನುವಾಗ, ಹಿಂದಿನಿಂದ ತಣ್ಣನೆಯ ಗಾಳಿ ಬೀಸಿತು.

ತಿರುಗಿ ನೋಡಿದರೆ ನಾವು ಬಂದ ದಿಕ್ಕೆಲ್ಲ ಕಪ್ಪಾಗಿತ್ತು.

“ಇದೇನ್ರೀ, ನಮ್ಮೂರ ಕಡೆಯಿಂದಾನೇ ಬರ್ತಾ ಐತೆ?” ಎಂದೆ. ಯಜಮಾನರು ಮೊಬೈಲು ತೆಗೆದು ನೋಡಿದರು. “ಇದ್ರಲ್ಲಿ ಇವತ್ತು ಮಳೇನೇ ಇಲ್ಲ ಅಂತೈತೆ” ಎಂದರು. ಅವರು ಅದನ್ನು ಜೇಬಿಗೆ ಹಾಕಿಕೊಳ್ಳುವುದರೊಳಗೆ ಮಳೆ ನಮ್ಮ ಮೈಮೇಲಿತ್ತು.

ಹುಬ್ಬೆ ಮಳೆ ಅಷ್ಟು ರಭಸವಾಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಎದುರಿಗಿದ್ದ ದನ ಕಾಣಿಸುತ್ತಿರಲಿಲ್ಲ. ಸಿಡಿಲು ಹೊಡೆದಾಗ ಕಡಸುಗಳು ಬಾಲ ಎತ್ತಿಕೊಂಡು ಹೊಲಕ್ಕೆ ನುಗ್ಗಿದವು. ಯಜಮಾನರು ಅವುಗಳ ಹಿಂದೆ ಓಡಿದರು. ನಾನು ಉಳಿದವನ್ನು ರಸ್ತೆಯಲ್ಲಿ ತಡೆದು ನಿಲ್ಲಿಸಲು ಕಂಬಳಿ ಬೀಸುತ್ತಾ ಕೂಗುತ್ತಿದ್ದೆ. ಆಗ ರಸ್ತೆ ಪಕ್ಕದ ಒಂದು ದೊಡ್ಡ ತಗಡಿನ ಶೆಡ್ಡಿನ ಬಾಗಿಲು ತೆರೆಯಿತು. ತಲೆಗೆ ಗೋಣಿಚೀಲ ಹೊದ್ದುಕೊಂಡ ವಯಸ್ಸಾದ ಸಾಹೇಬರೊಬ್ಬರು ಹೊರಗೆ ಬಂದು ಎರಡೂ ಕೈ ಬೀಸಿದರು.

“ಒಳಗೆ ಹೊಡೀರಮ್ಮಾ! ಎಲ್ಲಾ ಒಳಗೆ ಹೊಡೀರಿ, ಜಾಗ ಐತೆ!”

ಅದು ಹುಣಸೆಹಣ್ಣಿನ ಶೆಡ್ಡು. ಬೇಸಿಗೆಯಲ್ಲಿ ಹುಣಸೆಕಾಯಿ ಕುಟ್ಟಿ, ಬೀಜ ತೆಗೆದು, ಹಣ್ಣನ್ನು ಪೇಟೆಗೆ ಕಳಿಸುವ ವ್ಯಾಪಾರ ಅವರದು. ಸೀಸನ್ ಮುಗಿದಿದ್ದರಿಂದ ಶೆಡ್ಡು ಖಾಲಿಯಿತ್ತು. ಮೂಲೆಯಲ್ಲಿ ಹುಣಸೆಬೀಜದ ಮೂಟೆಗಳು ಮಾತ್ರ. ಮುಂದಾಳು ಎತ್ತು ಒಳಗೆ ಕಾಲಿಟ್ಟಿದ್ದೇ ತಡ, ಉಳಿದವೆಲ್ಲ ಅದರ ಹಿಂದೆ ನುಗ್ಗಿದವು. ಸ್ವಲ್ಪ ಹೊತ್ತಿಗೆ ಯಜಮಾನರು ಓಡಿಹೋದ ಕಡಸುಗಳನ್ನೂ ಹೊಡೆದುಕೊಂಡು ಬಂದರು. ಎಲ್ಲವೂ ಇದ್ದವು. ತಗಡಿನ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ದನಗಳ ಮೈಯಿಂದ ಹಬೆ ಏಳುತ್ತಿತ್ತು. ಹುಣಸೆ ಕುಟ್ಟಿ ಕುಟ್ಟಿ ಹುಳಿಯಾಗಿದ್ದ ನೆಲವನ್ನು ಅವು ಮಿಠಾಯಿ ಸಿಕ್ಕಿದಂತೆ ನೆಕ್ಕತೊಡಗಿದವು.

ಸಾಹೇಬರ ಹೆಂಡತಿ ಹಿಂದಿನ ಮನೆಯಿಂದ ಕೊಡೆ ಹಿಡಿದು ಬಂದು ಆ ದೃಶ್ಯ ನೋಡಿ ನಕ್ಕುಬಿಟ್ಟರು. “ನೆಲ ತೊಳೆಯೋ ಕೆಲಸ ತಪ್ಪಿತು ನೋಡಿ” ಎಂದರು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಣ ಸೀರೆ ಕೊಟ್ಟು, ಶುಂಠಿ ಹಾಕಿದ ಟೀ ಕೈಗಿಟ್ಟರು. ನಮ್ಮಿಬ್ಬರಿಗೂ ಅಲ್ಲೇ ಊಟವಾಯಿತು.

ಬೆಳಗ್ಗೆ ಮಳೆ ನಿಂತಿತ್ತು. ನಾವು ಏಳುವುದರೊಳಗೆ ಅತ್ತೆಯ ಫೋನು ಬಂತು. ಅವರು ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಗೂ ಕೇಳಿಸುತ್ತದೆ.

“ಎಲ್ಲಿದ್ದೀರಿ? ಇಲ್ಲಿ ಎಂಥಾ ಮಳೆ ಬಂತು ಗೊತ್ತಾ! ಕೆರೆಗೆ ನೀರು ಬಂದ್ಬುಟ್ಟೈತೆ ಕಣಮ್ಮ. ವಾಪಸ್ ಬಂದ್ಬುಡ್ರಿ!”

ಯಜಮಾನರು ಅಕ್ಕನಿಗೆ ಫೋನು ಮಾಡಿದರು. ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ, ಸುಡು ಬಿಸಿಲು. ಆದರೆ ಹುಲ್ಲು ಇರುವುದು ಅಲ್ಲೇ. ನಮ್ಮೂರಿನಲ್ಲಿ ನೀರು ಬಂದರೂ ಹುಲ್ಲು ಹುಟ್ಟಲು ಇನ್ನೂ ಎಷ್ಟೋ ದಿನ ಬೇಕು. ಮುಂದಕ್ಕೆ ಹೋಗುವುದೋ ಹಿಂದಕ್ಕೆ ಹೋಗುವುದೋ ಎಂದು ನಾವಿಬ್ಬರೂ ಟೀ ಲೋಟ ಹಿಡಿದು ಮಾತಾಡುತ್ತಿದ್ದಾಗ ಹಿತ್ತಲಿನಿಂದ ಸಾಹೇಬರ ಕೂಗು ಕೇಳಿತು.

“ಅರೆ, ಬನ್ನಿ ಬನ್ನಿ! ಹಸು ಜೋಳಕ್ಕೆ ಬಿದ್ದೈತೆ!”

ರಾತ್ರಿಯ ಗಾಳಿಗೆ ಶೆಡ್ಡಿನ ಹಿಂದಿನ ಬೇಲಿ ಉರುಳಿತ್ತು. ಅದರಾಚೆ ಸಾಹೇಬರು ತಮ್ಮ ಮೇಕೆಗಳಿಗೆಂದು ಬಿತ್ತಿದ್ದ ಜೋಳ, ನಮ್ಮ ಹೊಲದ ಜೋಳದಂತೆಯೇ ಬೆಳೆಯದೆ ಬಾಡಿ ನಿಂತಿತ್ತು. ಮಳೆಯಿಲ್ಲದೆ ಮುರುಟಿದ ಎಳೆ ಜೋಳದಲ್ಲಿ ನಂಜು ಇರುತ್ತದೆ. ದನ ತಿಂದರೆ ನಿಂತಲ್ಲೇ ಬೀಳುತ್ತದೆ. ದನ ಸಾಕುವವರಿಗೆಲ್ಲ ಗೊತ್ತಿರುವ ವಿಷಯ ಅದು. ಮೋಟುಗೊಂಬಿನ ಹಸು ಒಂದೇ ಶೆಡ್ಡಿನಿಂದ ಹೊರಬಿದ್ದು ಅದರ ನಡುವೆ ನಿಂತು ನಡುಗುತ್ತಿತ್ತು. ಬಾಯಲ್ಲಿ ನೊರೆ. ನಾವು ಹೊರಗೆ ಎಳೆದುಕೊಂಡು ಬರುವಷ್ಟರಲ್ಲಿ ಮುಂಗಾಲು ಮಡಿಸಿ ಕುಸಿದು ಬಿತ್ತು.

ಸಾಹೇಬರು ಆಗಲೇ ದನದ ಡಾಕ್ಟರಿಗೆ ಫೋನು ಮಾಡುತ್ತಿದ್ದರು. ಯಜಮಾನರು ಹಸುವಿನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ನನಗೆ ಕನ್ನಡವೇ ಮರೆತುಹೋಯಿತು. “ಲೇ ತಲ್ಲೀ, ಲೇ ಲೇ!” ಎಂದು ಅದರ ಬೆನ್ನು ಉಜ್ಜುತ್ತಾ ಕೂಗುತ್ತಿದ್ದೆ. ಏಳು ತಾಯಿ ಎಂದು ತವರಿನ ತೆಲುಗಿನಲ್ಲಿ ನಾನು ಬೇಡುತ್ತಿದ್ದರೆ, ಆ ಕಡೆ ಸಾಹೇಬರ ಹೆಂಡತಿ ಉರ್ದುವಿನಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಾ ಸೆರಗಿನಿಂದ ಅದರ ಬಾಯಿಯ ನೊರೆ ಒರೆಸುತ್ತಿದ್ದರು. ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ಕರು ಮಿಸುಕುತ್ತಿತ್ತು.

ಡಾಕ್ಟರು ಸ್ಕೂಟರಿನಲ್ಲಿ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ರೇನ್‌ಕೋಟು ಬಿಚ್ಚದೆಯೇ ಪೆಟ್ಟಿಗೆ ತೆರೆದರು.

“ಬಾಡಿದ ಜೋಳ ತಾನೇ? ಎಷ್ಟೊತ್ತಾಯ್ತು?”

“ಈಗಿನ್ನ ಮೇಡಂ, ನಿಮಗೆ ಫೋನು ಮಾಡೋಕೆ ಸ್ವಲ್ಪ ಮುಂಚೆ” ಎಂದರು ಸಾಹೇಬರು.

“ಒಳ್ಳೇದಾಯ್ತು. ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದು ಕತ್ತಿನ ನರ ಹುಡುಕಿ, ಔಷಧಿಯನ್ನು ನಿಧಾನವಾಗಿ ಇಳಿಸಿದರು. ಆಮೇಲೆ ಹಸುವಿನ ಕಣ್ಣು, ವಸಡು ನೋಡುತ್ತಾ ಅಲ್ಲೇ ಕೆಸರಿನಲ್ಲಿ ಕೂತರು. ಅದರ ಉಸಿರಾಟ ಒಂದು ಹದಕ್ಕೆ ಬಂತು. ಕಿವಿ ಅಲ್ಲಾಡಿತು. ಕೊನೆಗೆ ಒಂದು ಸಾರಿ ತಲೆ ಕೊಡವಿ, ಹಿಂಗಾಲು ಮೊದಲು ಎತ್ತಿ, ತೂರಾಡುತ್ತಾ ಎದ್ದು ನಿಂತಿತು. ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ನೋಡದವಳಂತೆ ಇದ್ದೆ.

“ಬಚಾವಾಯ್ತು. ಆದ್ರೆ ಕರು ಹಾಕೋವರೆಗೂ ಇದನ್ನ ಎಲ್ಲಿಗೂ ನಡೆಸ್ಕೊಂಡು ಹೋಗ್ಬೇಡಿ” ಎಂದರು ಡಾಕ್ಟರು.

ಹೀಗೆ ನಮ್ಮ ಚರ್ಚೆಗೆ ಅವರೇ ತೀರ್ಮಾನ ಕೊಟ್ಟ ಹಾಗಾಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಂಕೋಚದಿಂದ ಯಜಮಾನರು ಬಾಯಿ ತೆರೆಯುವ ಮೊದಲೇ ಸಾಹೇಬರು, “ಶೆಡ್ಡು ಖಾಲಿ ಐತಲ್ಲಪ್ಪಾ, ಇರ್ರಿ. ನಮಗೂ ಜನ ಆಗುತ್ತೆ” ಎಂದರು.

ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ. ಬೆಳಗ್ಗೆ ದನಗಳನ್ನು ಬೆಟ್ಟದ ಸುತ್ತಿನ ಬೀಳಿಗೆ ಬಿಡುತ್ತಿದ್ದೆವು. ಮಳೆ ಕಂಡ ನೆಲ ಎರಡು ಮೂರು ದಿನದಲ್ಲೇ ಹಸಿರು ಉಗುಳತೊಡಗಿತು. ಅದು ದನದ ನಾಲಿಗೆಗೆ ಸಿಗುವವರೆಗೆ ಸಾಹೇಬರ ಪರಿಚಯದ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ಒಣಹುಲ್ಲು ಕಳಿಸಿದರು. ಬದಲಿಗೆ ನಮ್ಮ ದನ ಅವರ ಹೊಲದಲ್ಲಿ ರಾತ್ರಿ ಮಲಗಿ ಗೊಬ್ಬರ ಬೀಳಿಸಬೇಕೆಂದು ಮಾತಾಯಿತು. ಯಜಮಾನರೂ ಸಾಹೇಬರೂ ಸೇರಿ ಬಿದ್ದ ಬೇಲಿ ಕಟ್ಟಿದರು. ನಾನು ಸಾಹೇಬರ ಹೆಂಡತಿಗೆ ಮುದ್ದೆ ಕಟ್ಟುವುದನ್ನು ತೋರಿಸಿದೆ, ಅವರು ಮಾಡಿದ್ದು ನನ್ನದಕ್ಕಿಂತ ದುಂಡಗಿತ್ತು. ಮದುವೆಯಾದ ಮೇಲೆ ನಾನೂ ಯಜಮಾನರೂ ಇಬ್ಬರೇ ಅಷ್ಟು ದಿನ ಮನೆ ಬಿಟ್ಟು ಇದ್ದದ್ದು ಅದೇ ಮೊದಲು. ಬಂಡೆಯ ಮೇಲೆ ಕೂತು ದನ ನೋಡುತ್ತಾ, ಮನೆಯಲ್ಲಿ ಆಡಲು ಪುರಸೊತ್ತಿಲ್ಲದ ಎಷ್ಟೋ ಮಾತು ಆಡಿಕೊಂಡೆವು.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಮೋಟುಗೊಂಬಿನ ಹಸು ಶೆಡ್ಡಿನ ಮೂಲೆಯಲ್ಲಿ ಯಾರಿಗೂ ತೊಂದರೆ ಕೊಡದೆ ಕರು ಹಾಕಿತು. ಹೆಣ್ಣುಗರು. ನಾವು ಹೋಗಿ ನೋಡಿದಾಗ ಅದು ಆಗಲೇ ಹುಣಸೆಬೀಜದ ಮೂಟೆಗೆ ಒರಗಿಕೊಂಡು ಎದ್ದು ನಿಲ್ಲುವ ಪ್ರಯತ್ನದಲ್ಲಿತ್ತು. ಮೊದಲ ಗಿಣ್ಣಿನ ಪಾಲು ಕರುವಿಗೆ ಬಿಟ್ಟು, ಉಳಿದದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದೆ. ಒಂದು ಡಬ್ಬಿ ಡಾಕ್ಟರಿಗೆ ಹೋಯಿತು.

ಊರಿನಲ್ಲಿ ಹುಲ್ಲು ಬಂದಿದೆ ಎಂದು ಅತ್ತೆಯಿಂದ ಖಚಿತವಾದ ಮೇಲೆ ಹೊರಟೆವು. ದನಗಳು ನಡೆದು ಬಂದವು. ಬಾಣಂತಿ ಹಸುವನ್ನೂ ಕರುವನ್ನೂ ಸಾಹೇಬರು ಮಾರನೆಯ ದಿನ ತಮ್ಮ ಲಗೇಜ್ ಆಟೋದಲ್ಲಿ ಕರೆದುಕೊಂಡು ಬಂದರು. ಮುಂದಿನ ಸೀಟಿನಲ್ಲಿ ಅವರ ಹೆಂಡತಿಯೂ ಇದ್ದರು.

ಅತ್ತೆ ಕರುವಿನ ಬಾಯಿ, ಗೊರಸು, ಬಾಲ ಎಲ್ಲ ನೋಡಿ, “ಚೆನ್ನಾಗೈತೆ” ಎಂದು ಒಂದೇ ಮಾತು ಹೇಳಿದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಆಮೇಲೆ ಸಾಹೇಬರ ಹೆಂಡತಿಯ ಕೈ ಹಿಡಿದು, “ಬಾರಮ್ಮ, ನೀನು ನಮ್ಮ ಕೆರೆ ನೋಡ್ಬೇಕು” ಎಂದು ಕರೆದುಕೊಂಡು ಹೊರಟೇಬಿಟ್ಟರು. ನಾನು ಅಡುಗೆಗೆ ಇಟ್ಟು ಹೊರಗೆ ಬಂದು ನೋಡಿದೆ. ಇಬ್ಬರೂ ಏರಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಅತ್ತೆ ಕೈ ಚಾಚಿ ಚಾಚಿ ಏನನ್ನೋ ತೋರಿಸುತ್ತಿದ್ದರು, ಅವರು ತಲೆಯಾಡಿಸುತ್ತಿದ್ದರು. ಊಟಕ್ಕೆ ಕರೆಯಲು ನಾನೇ ಅಲ್ಲಿಯವರೆಗೆ ಹೋಗಬೇಕಾಯಿತು. ಹೋದವಳು ನಾನೂ ಅವರ ಜೊತೆ ನೀರಿಗೆ ಕಾಲು ಬಿಟ್ಟುಕೊಂಡು ಕೂತೆ.